ಏಳು ಮತ್ತು ಎಂಟನೇ ತರಗತಿಯ ಪೋಷಕರಿಗೆ: ವಿಜ್ಞಾನದ ಹೊಸ ನೋಟ್‌ಬುಕ್ ಬಗ್ಗೆ

ಪ್ರಿಯ ಪೋಷಕರೇ, ನಮಸ್ಕಾರ.

ಈ ತಿಂಗಳಿಂದ ನಿಮ್ಮ ಮಕ್ಕಳು ವಿಜ್ಞಾನಕ್ಕೆ ಇನ್ನೊಂದು ನೋಟ್‌ಬುಕ್ ಇಟ್ಟಿದ್ದಾರೆ. ಅದನ್ನು ನೋಡಿ ಕೆಲವರು ಬೇಸರ ಮಾಡಿಕೊಂಡಿದ್ದೀರಿ. ಅಕ್ಷರ ಅಂಕುಡೊಂಕು, ಅಲ್ಲಲ್ಲಿ ಹೊಡೆದುಹಾಕಿದ ಸಾಲು, ಹಾಳೆ ಮೇಲೆ ಅರಿಶಿನದ ಕಲೆ. "ಗೈಡ್‌ನಲ್ಲಿ ಅಷ್ಟು ಚೆನ್ನಾಗಿ ಕೊಟ್ಟಿದ್ದಾರೆ, ಅದನ್ನೇ ಬರೆಸಬಾರದಾ ಮೇಡಂ?" ಎಂದು ಗೇಟಿನ ಹತ್ತಿರ ಕೇಳಿದವರೂ ಇದ್ದೀರಿ. ಯಾಕೆ ಬರೆಸುತ್ತಿಲ್ಲ ಎಂದು ಹೇಳುವುದಕ್ಕೇ ಈ ಪತ್ರ.

ಆ ನೋಟ್‌ಬುಕ್‌ನಲ್ಲಿ ಇರಬೇಕಾದದ್ದು ಇಷ್ಟೇ: ಒಂದಕ್ಕೆ ಇನ್ನೊಂದನ್ನು ಹಾಕಿದಾಗ ಮಗುವಿನ ಕಣ್ಣಿಗೆ, ಕಿವಿಗೆ, ಕೈಗೆ ಏನು ಗೊತ್ತಾಯಿತು. ಹಾಕುವ ಮೊದಲು ಹೇಗಿತ್ತು, ಹಾಕುತ್ತಿದ್ದಂತೆ ಏನಾಯಿತು, ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ ಹೇಗಿತ್ತು. ಎಷ್ಟು ಹಾಕಿದೆ ಅನ್ನುವುದನ್ನೂ ಬರೆಯಬೇಕು. "ಸ್ವಲ್ಪ ಉಪ್ಪು" ಎಂದರೆ ಆಗುವುದಿಲ್ಲ, ಎಷ್ಟು ಚಮಚ ಎಂದು ಹೇಳಬೇಕು.

ಮೊದಲ ವಾರ ನಿಂಬೆರಸಕ್ಕೆ ಅಡುಗೆ ಸೋಡಾ ಹಾಕಿದರು. ಹೆಚ್ಚಿನ ಮಕ್ಕಳು "ಕಾರ್ಬನ್ ಡೈಆಕ್ಸೈಡ್ ಬಂತು" ಎಂದು ಬರೆದರು. ಅದು ಅವರು ಓದಿದ್ದು, ಕಂಡದ್ದಲ್ಲ. ಕಂಡದ್ದು ಗುಳ್ಳೆ ಮತ್ತು ನೊರೆ, ಕೇಳಿದ್ದು ಬುಸ್ ಎನ್ನುವ ಸದ್ದು. ಒಬ್ಬ ಹುಡುಗಿ ಮಾತ್ರ "ಲೋಟ ತಣ್ಣಗಾಯಿತು" ಎಂದು ಬರೆದಿದ್ದಳು. ಉಳಿದವರು ನಂಬಲಿಲ್ಲ. ಮತ್ತೆ ಮಾಡಿ ಎಲ್ಲರೂ ಮುಟ್ಟಿ ನೋಡಿದರು. ಹೌದು, ತಣ್ಣಗಾಗಿತ್ತು. ಹುಳಿ ಮತ್ತು ಸೋಡಾ ಸೇರುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತವೆ. ಮಕ್ಕಳ ಗೈಡ್‌ನಲ್ಲಿ ಈ ಮಾತೇ ಇಲ್ಲ. ಆಮೇಲೆ ಬಂದ ಗಾಳಿಯನ್ನು ಪೈಪಿನಲ್ಲಿ ಸುಣ್ಣದ ತಿಳಿನೀರಿಗೆ ಬಿಟ್ಟೆವು. ತಿಳಿ ಬೆಳ್ಳಗೆ ಕದಡಿತು. "ಈಗ ಬರೀರಿ ಕಾರ್ಬನ್ ಡೈಆಕ್ಸೈಡ್ ಅಂತ" ಎಂದು ನಾನೇ ಹೇಳಿದೆ.

ಇನ್ನೊಂದು ಭಯ ಮಕ್ಕಳಿಗಿದೆ. "ಏನೂ ಆಗಲಿಲ್ಲ" ಎಂದು ಬರೆದರೆ ಮಾರ್ಕ್ಸ್ ಹೋಗುತ್ತದೆ ಅಂದುಕೊಂಡಿದ್ದಾರೆ. ಎಣ್ಣೆಗೆ ಉಪ್ಪು ಹಾಕಿದರೆ ಅದು ಕರಗುವುದಿಲ್ಲ, ತಳದಲ್ಲಿ ಹಾಗೇ ಕೂರುತ್ತದೆ. ಹಾಗೆಂದು ಬರೆದ ಮಗುವಿಗೆ ಪೂರ್ತಿ ಮಾರ್ಕ್ಸ್. ಕಾಣದ್ದನ್ನು ಕಂಡೆ ಎಂದು ಬರೆದರೆ ಮಾತ್ರ ಕಳೆಯುತ್ತೇವೆ.

ಇದು ಪರೀಕ್ಷೆಗೆ ಬಾರದ ಕೆಲಸ ಎಂದು ಯಾರಾದರೂ ಅಂದರೆ ನನಗೆ ನಿಜಕ್ಕೂ ನೋವಾಗುತ್ತದೆ. ನಿಮ್ಮಲ್ಲಿ ಎಷ್ಟೋ ಜನ ದಾಳಿಂಬೆ ಬೆಳೆಗಾರರು. ಗಿಡದ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಪರ್ಸೆಂಟ್ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಬೇರೆ ಬೇರೆ ಕರಗಿಸಿ ಕೂಡಿಸಿದ ಮೇಲೆ ಏನು ಮಾಡುತ್ತೀರಿ? ಕಬ್ಬಿಣದ ಚಾಕುವನ್ನು ಅದ್ದಿ ನೋಡುತ್ತೀರಿ. ಚಾಕುವಿನ ಮೇಲೆ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣದ ನೀರು ಹಾಕುತ್ತೀರಿ. ಆ ಕೆಂಪು ತಾಮ್ರ. ದುರ್ಗದ ಹತ್ತಿರ ಇಂಗಳದಾಳಿನ ಗಣಿಯಲ್ಲಿ ಅಗೆದು ತೆಗೆಯುತ್ತಿದ್ದರಲ್ಲ, ಅದೇ ಲೋಹ. ಸುಣ್ಣ ಸಾಲದೆ ಉಳಿದ ತಾಮ್ರ ಎಲೆಯನ್ನು ಸುಡುತ್ತದೆ. ಅಂದರೆ ಬಣ್ಣ ನೋಡಿ ತೋಟ ಉಳಿಸಿಕೊಳ್ಳುತ್ತಿದ್ದೀರಿ. ಎಂಟನೇ ತರಗತಿಯವರು ಮೈಲುತುತ್ತದ ನೀರಿಗೆ ಮೊಳೆ ಹಾಕಿ ನೋಡಿದ್ದೂ ಇದನ್ನೇ.

ಈ ದ್ರಾವಣ ಹುಟ್ಟಿದ ಕಥೆಯನ್ನು ಮಕ್ಕಳಿಗೆ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿಗೆ ರೋಗ ಬಿದ್ದು ಎಲೆಯೆಲ್ಲ ಉದುರುತ್ತಿತ್ತು. ದಾರಿ ಪಕ್ಕದ ಸಾಲುಗಳಿಗೆ ಮಾತ್ರ ರೈತರು ಮೈಲುತುತ್ತ ಮತ್ತು ಸುಣ್ಣ ಎರಚಿದ್ದರು. ರೋಗಕ್ಕಲ್ಲ, ಹೋಗಿ ಬರುವವರು ಹಣ್ಣು ಕೀಳದಿರಲಿ ಎಂದು. 1882ರಲ್ಲಿ ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಆ ಸಾಲುಗಳ ಎಲೆ ಮಾತ್ರ ಉಳಿದಿರುವುದನ್ನು ಕಂಡರು. ಮತ್ತೆ ಮತ್ತೆ ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದರು. ಆ ದಾರಿಯಲ್ಲಿ ಎಷ್ಟು ಜನ ಓಡಾಡಿರಬಹುದು, ಅಲ್ವಾ?

ಮನೆಯಲ್ಲಿ ನಿಮ್ಮಿಂದ ಬೇಕಾದದ್ದು ಜಾಸ್ತಿ ಏನಿಲ್ಲ. ಮಗು ಅಡುಗೆಮನೆಯಲ್ಲಿ ಅರಿಶಿನಕ್ಕೆ ಸೋಪಿನ ನೀರು ಹಾಕಿ ಕೆಂಪಾಯಿತು ಎಂದು ಓಡಿ ಬಂದರೆ ಕಾರಣ ಹೇಳಲು ಹೋಗಬೇಡಿ. "ಇದಕ್ಕೆ ನಿಂಬೆರಸ ಹಾಕಿದರೆ?" ಎಂದು ಕೇಳಿ, ಸುಮ್ನೆ ಪಕ್ಕದಲ್ಲಿ ನಿಲ್ಲಿ. ಅದು ಮತ್ತೆ ಹಳದಿಯಾಗುವುದನ್ನು ಅವರೇ ನೋಡಲಿ. ಆರತಿ ನೀರಿಗೆ ಅರಿಶಿನ, ಸುಣ್ಣ ಕದಡುವಾಗಲೂ ಅವರನ್ನು ಹತ್ತಿರ ಕೂರಿಸಿಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ಕಟ್ಟುನಿಟ್ಟಾಗಿರಿ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಬ್ಲೀಚಿಂಗ್ ಪೌಡರ್‌ಗೆ ಬಾತ್‌ರೂಮ್ ತೊಳೆಯುವ ಆಸಿಡ್ ಬೆರೆತರೆ ವಿಷದ ಗಾಳಿ ಏಳುತ್ತದೆ. ಮೈಲುತುತ್ತವೂ ವಿಷವೇ. ಇವು ಯಾವುವೂ ಮನೆಯಲ್ಲಿ ಮಕ್ಕಳ ಕೈಗೆ ಸಿಗಬಾರದು. ಪ್ರಯೋಗಕ್ಕೆ ತೆಗೆದುಕೊಂಡದ್ದು ಸಕ್ಕರೆಯೇ ಆಗಿರಲಿ, ರುಚಿ ನೋಡಬಾರದು. ವಾಸನೆ ನೋಡಬೇಕಾದರೆ ಮೂಗು ಹತ್ತಿರ ಒಯ್ಯದೆ ಕೈಯಿಂದ ಬೀಸಿಕೊಳ್ಳಬೇಕು. ಇದನ್ನು ಶಾಲೆಯಲ್ಲಿ ಕಲಿಸಿದ್ದೇವೆ, ಮನೆಯಲ್ಲೂ ನೆನಪಿಸಿ.

ಬರುವ ಶನಿವಾರ ಬೆಳಗ್ಗೆ ನೀರಿಗೆ ಸೋಪು ಹಾಕಿ ನೋಡುತ್ತೇವೆ. ನಮ್ಮ ಕಡೆ ಬೋರ್ ನೀರಲ್ಲಿ ನೊರೆ ಬರುವುದು ಎಷ್ಟು ಕಷ್ಟ ಎಂದು ಬಟ್ಟೆ ಒಗೆಯುವವರಿಗೆ ಗೊತ್ತು. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಸೋಪಿನೊಂದಿಗೆ ಸೇರಿ ಬಿಳಿ ಗಸಿಯಾಗುತ್ತವೆ. ಯಾವ ಬೋರಿನದು ಎಷ್ಟು ಎಂದು ಮಕ್ಕಳು ಹೋಲಿಸಲಿದ್ದಾರೆ. ಎಲ್ಲರಿಗೂ ಅಷ್ಟೇ ನೀರು, ಅಷ್ಟೇ ಹನಿ ಸೋಪಿನ ನೀರು, ಅಷ್ಟೇ ಸಲ ಅಲ್ಲಾಡಿಸುವುದು. ಆದ್ದರಿಂದ ನಿಮ್ಮ ಬೋರ್ ನೀರನ್ನು ಅರ್ಧ ಬಾಟಲಿ ಕಳಿಸಿ. ಬೋರ್ ಎಷ್ಟು ಅಡಿಯದು ಎಂದು ಚೀಟಿ ಅಂಟಿಸಿ. ಹಿಡಿದಿಟ್ಟ ಮಳೆ ನೀರಿದ್ದರೆ, ಶುದ್ಧ ನೀರಿನ ಘಟಕದಿಂದ ತಂದದ್ದಿದ್ದರೆ ಅದನ್ನೂ ಬೇರೆ ಬಾಟಲಿಯಲ್ಲಿ ಕೊಡಿ. ಬಿಡುವಿದ್ದವರು ನೀವೂ ಬನ್ನಿ, ಮಕ್ಕಳ ಜೊತೆ ಕೂತು ನೋಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಹಿರಿಯೂರು ತಾಲೂಕು, ಚಿತ್ರದುರ್ಗ ಜಿಲ್ಲೆ