ಯಾವ ಪಂಥ ಸರಿ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಪುಟ್ಟಿ,

ಸೈಕಾಲಜಿಯಲ್ಲಿ ಇಷ್ಟೊಂದು ಪಂಥಗಳಿವೆ, ಯಾವುದನ್ನು ನಂಬಲಿ ಅಂತ ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

1879ರಲ್ಲಿ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸೈಕಾಲಜಿಯ ಪ್ರಯೋಗಾಲಯ ತೆರೆದದ್ದು, ವಿಯೆನ್ನಾದಲ್ಲಿ ಫ್ರಾಯ್ಡ್ ಕನಸುಗಳ ಬೆನ್ನು ಹತ್ತಿದ್ದು ನಿನ್ನ ಪಾಠದಲ್ಲೇ ಇದೆ. ನಾನು ವರ್ತನಾವಾದವೊಂದನ್ನೇ ಹಿಡಿಯುತ್ತೇನೆ. ಪುಟ್ಟ ಮಕ್ಕಳಿಗೆ ಪಾಠ ಹೇಳುವವಳಿಗೆ ಅದು ಹತ್ತಿರದ್ದು.

ಮನಸ್ಸಿನೊಳಗೆ ಇಣುಕುವುದು ಬೇಡ, ಕಣ್ಣಿಗೆ ಕಾಣುವ ನಡವಳಿಕೆಯನ್ನಷ್ಟೇ ನೋಡೋಣ ಅಂತ 1913ರಲ್ಲಿ ಅಮೆರಿಕದ ಜಾನ್ ವಾಟ್ಸನ್ ಹೇಳಿದರು. ಅದೇ ವರ್ತನಾವಾದ. 1920ರಲ್ಲಿ ಅವರೂ ಅವರ ಸಹಾಯಕಿ ರೋಸಾಲಿ ರೇನರ್ ಅವರೂ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಅದರಲ್ಲಿದ್ದ ಕೂಸಿಗೆ ಆಲ್ಬರ್ಟ್ ಅಂತ ಹೆಸರಿಟ್ಟಿದ್ದರು. ಬಿಳಿ ಇಲಿ ಕಂಡರೆ ಅದಕ್ಕೆ ಹೆದರಿಕೆಯೇ ಇರಲಿಲ್ಲ. ಮುಟ್ಟಲು ಹೋದಾಗ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದರು. ಕೆಲವೇ ಸಲಕ್ಕೆ, ಸದ್ದಿಲ್ಲದಿದ್ದರೂ ಇಲಿ ಕಂಡರೆ ಸಾಕು, ಅಳು. ಆ ಭಯ ಬಿಡಿಸುವ ಮೊದಲೇ ಮಗು ಆಸ್ಪತ್ರೆಯಿಂದ ಹೊರಟುಹೋಯಿತು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಆದರೆ ಅದೇ ಪಂಥದ ದಾರಿಯಲ್ಲೇ ಮೇರಿ ಕವರ್ ಜೋನ್ಸ್ ಕೂಡ ಬಂದರು. 1924ರಲ್ಲಿ ಅವರು ಪೀಟರ್ ಎಂಬ ಮಗುವಿನ ಬಗ್ಗೆ ಬರೆದರು. ಅವನಿಗೆ ಮೊಲ ಅಂದರೆ ವಿಪರೀತ ಭಯ. ಅದನ್ನು ಬಿಡಿಸುವ ಪ್ರಯತ್ನದ ಮಧ್ಯೆ ಜ್ವರ ಬಂದು ಆಸ್ಪತ್ರೆ ಸೇರಿದ. ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಮೈಮೇಲೆ ಹಾರಿ, ಕಡಿಮೆಯಾಗಿದ್ದ ಹೆದರಿಕೆ ಮತ್ತೆ ಜಾಸ್ತಿಯಾಯಿತು. ಜೋನ್ಸ್ ಬಿಡಲಿಲ್ಲ. ಅವನನ್ನು ಕುರ್ಚಿಯಲ್ಲಿ ಕೂರಿಸಿ ಇಷ್ಟದ ತಿಂಡಿ ಕೊಟ್ಟರು. ಅವನ ಊಟ ಕೆಡದಷ್ಟು ದೂರದಲ್ಲಿ ಮೊಲದ ಪಂಜರ ಇಟ್ಟರು. ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಮೊಲ ಅವನ ಬೆರಳು ಮೆಲ್ಲಗೆ ಕಚ್ಚಿದರೂ ಪೀಟರ್ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಸಿದ್ಧಾಂತ ಒಂದೇ, ಅಲ್ವಾ? ಕಲಿತ ಭಯವನ್ನು ಮರೆಸಲೂಬಹುದು ಅನ್ನುವುದು. ಆದರೆ ಮಗುವಿಗೆ ಆದದ್ದು ಪೂರ್ತಿ ಬೇರೆ. ಅದಕ್ಕೇ ಪಂಥದ ಹೆಸರು ನೋಡಿ ತೀರ್ಪು ಕೊಡಬೇಡ ಅನ್ನುವುದು. ಅದು ಯಾರ ಮೇಲೆ ಪ್ರಯೋಗವಾಯಿತು, ಅವರಿಗೆ ಏನಾಯಿತು, ಅದನ್ನು ಮೊದಲು ಕೇಳು.

ವಾಟ್ಸನ್ 1928ರಲ್ಲಿ ತಾಯಂದಿರಿಗೆ ಮಕ್ಕಳನ್ನು ಅಪ್ಪಿ ಮುದ್ದಿಸಬೇಡಿ ಅಂತಲೂ ಬರೆದರು. ಮೂವತ್ತು ವರ್ಷದ ನಂತರ ಹ್ಯಾರಿ ಹಾರ್ಲೋ ಎಂಬ ವಿಜ್ಞಾನಿಯ ಪ್ರಯೋಗದಲ್ಲಿ ಮಂಗನ ಮರಿಗಳು, ಹಾಲು ಕೊಡುವ ತಂತಿಯ ಬೊಂಬೆಯನ್ನು ಬಿಟ್ಟು ಮೆತ್ತನೆಯ ಬಟ್ಟೆಯ ಬೊಂಬೆಯನ್ನೇ ತಬ್ಬಿಕೊಂಡವು. ಆ ಮರಿಗಳನ್ನು ತಾಯಿಯಿಂದ ಬೇರೆ ಮಾಡಿದ್ದು ಮಾತ್ರ ಕ್ರೂರವೇ.

ಉಳಿದ ಪಂಥಗಳನ್ನೂ ಸುಮ್ನೆ ಬಾಯಿಪಾಠ ಮಾಡಬೇಡ. ಲೈಬ್ರರಿಯಲ್ಲಿ ಜೋನ್ಸ್ ಬರೆದ ಮೂಲ ಲೇಖನ ಸಿಗುತ್ತದಾ ಕೇಳು. ಓದಿದ ಮೇಲೆ ನಿನಗೇನು ಅನ್ನಿಸಿತು ಅಂತ ಬರೆ.

ನಿನ್ನ
ಅಮ್ಮ