ಗೀರು ಇದ್ದರೆ ಪರವಾಗಿಲ್ಲ ಅಂದಿದ್ದೆ, ಬಫ್ ಹೊಡೆದು ಕಳಿಸಿ ಅಂದಿರಲಿಲ್ಲ

ಗ್ರಾಹಕ ಸೇವೆಯವರಿಗೆ,

ನಮಸ್ಕಾರ. ಆರ್ಡರ್ ನಂಬರ್ ಮೇಲ್‌ನ ಸಬ್ಜೆಕ್ಟ್‌ನಲ್ಲೇ ಇದೆ. ಬಿಲ್ಲು, ನಾನು ತೆಗೆದ ಹನ್ನೊಂದು ಫೋಟೋ, ನಿಮ್ಮ ಜಾಹೀರಾತಿನ ಸ್ಕ್ರೀನ್‌ಶಾಟ್ ಎಲ್ಲ ಜೊತೆಗೆ ಹಾಕಿದ್ದೇನೆ. ಇದು ಎರಡನೇ ಮೇಲ್. ಮೊದಲನೆಯದನ್ನು ಕಳಿಸಿ ಒಂಬತ್ತು ದಿನ ಆಯಿತು, "ಬಂತು" ಅನ್ನುವ ಒಂದು ಸಾಲೂ ನಿಮ್ಮಿಂದ ಬಂದಿಲ್ಲ.

ಕಳೆದ ತಿಂಗಳು ನಿಮ್ಮಲ್ಲಿ ₹3,18,000 ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಒಮೆಗಾ ಸ್ಪೀಡ್‌ಮಾಸ್ಟರ್ ಪ್ರೊಫೆಷನಲ್ ವಾಚ್ ತೆಗೆದುಕೊಂಡೆ. ರೆಫರೆನ್ಸ್ 3570.50, ಕೀ ಕೊಡುವ 1861 ಮೆಷಿನ್, ಮೇಲೆ ಹೆಸಲೈಟ್ ಅನ್ನುವ ಪ್ಲಾಸ್ಟಿಕ್ ಗ್ಲಾಸ್. ಚಂದ್ರನ ಮೇಲೆ ಹೋದ ವಾಚಿನ ವಂಶದ್ದು ಅಂತ ಹತ್ತು ವರ್ಷದಿಂದ ಆಸೆ ಇಟ್ಟುಕೊಂಡಿದ್ದೆ, ಚೀಟಿ ದುಡ್ಡು ಎತ್ತಿ ತೆಗೆದುಕೊಂಡೆ. ನಿಮ್ಮ ಜಾಹೀರಾತಿನಲ್ಲಿ ಬರೆದಿದ್ದು ಹೀಗೆ: ಕೇಸ್ (ವಾಚಿನ ಸ್ಟೀಲ್ ಮೈ) ಅನ್‌ಪಾಲಿಶ್ಡ್ (ಉಜ್ಜಿ ಹೊಳಪು ಮಾಡಿಸದ್ದು), ಲಗ್‌ಗಳು (ಚೈನ್ ಸಿಗಿಸುವ ನಾಲ್ಕು ಕೊಂಬು) ದಪ್ಪ ಮತ್ತು ಶಾರ್ಪ್, ದಿನಬಳಕೆಯ ಸಣ್ಣ ಗೀರುಗಳು ಮಾತ್ರ. ಈ ಮೂರರಲ್ಲಿ ಒಂದೂ ನಿಜ ಅಲ್ಲ. ತಮಾಷೆ ಅಂದರೆ ಆ ಸಣ್ಣ ಗೀರುಗಳೂ ಇಲ್ಲ, ಯಾಕಂದರೆ ಅವನ್ನೆಲ್ಲ ಯಾರೋ ಉಜ್ಜಿ ಹಾಕಿದ್ದಾರೆ.

ನಿಮ್ಮ ಮೇಡಂ ಫೋನಿನಲ್ಲಿ ತುಂಬಾ ಮರ್ಯಾದೆಯಿಂದಲೇ ಮಾತಾಡಿದರು, ಅವರ ಮೇಲೆ ನನಗೇನೂ ಸಿಟ್ಟಿಲ್ಲ. "ಸರ್, ಪ್ರೀ ಓನ್ಡ್ ವಾಚ್ ಅಂದ್ಮೇಲೆ ಸ್ವಲ್ಪ ವೇರ್ ಇದ್ದೇ ಇರುತ್ತೆ ಅಲ್ವಾ" ಅಂದರು. ಇರುತ್ತೆ ಮೇಡಂ, ಇರಲೇಬೇಕು. ಇನ್ನೊಬ್ಬರು ಹತ್ತು ಹದಿನೈದು ವರ್ಷ ಕಟ್ಟಿದ ವಾಚಿನಲ್ಲಿ ಬಾಗಿಲಿಗೆ ತಾಗಿದ ಗೀರು, ಮೇಜಿಗೆ ಉಜ್ಜಿದ ಗುರುತು ಇಲ್ಲದೆ ಹೋದರೆ ನನಗೇ ಅನುಮಾನ ಬರುತ್ತೆ. ನಮ್ಮ ಅಪ್ಪನ ಎಚ್‌ಎಂಟಿ ಜನತಾ ಈಗಲೂ ಮನೆಯಲ್ಲಿದೆ. ಲಗ್‌ನ ತುದಿಯಲ್ಲಿ ಕ್ರೋಮ್ ಪ್ಲೇಟಿಂಗ್ ಎದ್ದು ಹೋಗಿ ಒಳಗಿನ ಹಿತ್ತಾಳೆ ಹಳದಿ ಕಾಣುತ್ತೆ. ಅದನ್ನು ನೋಡಿದವರು ಯಾರೂ "ಹೊಸದರ ಹಾಗಿದೆ" ಅನ್ನಲ್ಲ, ನಾವೂ ಹಾಗಂತ ಮಾರಲ್ಲ.

ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಇಪ್ಪತ್ತಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ವಾಚ್ ರಿಪೇರಿ ನನಗೆ ಬರಲ್ಲ. ಆದರೆ ಸ್ಟೀಲಿಗೆ ಬಫ್ ಹೊಡೆದರೆ, ಅಂದರೆ ತಿರುಗುವ ಬಟ್ಟೆ ಚಕ್ರಕ್ಕೆ ಒತ್ತಿ ಹೊಳಪು ಕೊಟ್ಟರೆ, ಏನಾಗುತ್ತೆ ಅನ್ನುವುದು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಬಟ್ಟೆಯ ಚಕ್ರ ಮೆತ್ತಗಿರುತ್ತೆ, ಒತ್ತಿದ ಕೂಡಲೇ ಅದು ಅಂಚಿನ ಮೇಲೆ ಬಗ್ಗಿ ಆಚೆ ಈಚೆ ಸುತ್ತಿಕೊಳ್ಳುತ್ತೆ, ಹಾಗಾಗಿ ಮೊದಲು ತಿನ್ನುವುದೇ ಅಂಚನ್ನು. ಸಮತಟ್ಟಾದ ಜಾಗದ ಗೀರು ಹೋಗುವಷ್ಟರಲ್ಲಿ ಮೂಲೆ ಗುಂಡಗಾಗಿರುತ್ತೆ. ಅದಕ್ಕೇ ಚೆನ್ನಾಗಿ ಕೆಲಸ ಮಾಡುವವರು ಕೇಸನ್ನು ಬಟ್ಟೆ ಚಕ್ರಕ್ಕೆ ಕೊಡದೆ ಗಟ್ಟಿಯಾದ ಚಪ್ಪಟೆ ಡಿಸ್ಕಿನ ಮೇಲೆ ಉಜ್ಜುತ್ತಾರೆ, ಅದಕ್ಕೆ ಲ್ಯಾಪಿಂಗ್ ಅಂತಾರೆ, ಹಾಗೆ ಮಾಡಿದರೆ ಅಂಚಿನ ಗೆರೆ ಉಳಿಯುತ್ತೆ. ಎರಡರಲ್ಲಿಯೂ ಲೋಹ ಹೋಗೋದು ಹೋಗೇ ಹೋಗುತ್ತೆ, ಹೋದದ್ದು ಬರಲ್ಲ.

ಈ ವಾಚಿನ ಅಂದ ಇರುವುದೇ ಆ ಗೆರೆಯಲ್ಲಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ (ನಿಮ್ಮ ಕ್ವಾಲಿಟಿ ಚೆಕ್‌ನವರಿಗೂ ಸೇರಿಸಿ). ಸ್ಪೀಡ್‌ಮಾಸ್ಟರ್‌ನ ಕೇಸಿನ ಪಕ್ಕ ಬ್ರಶ್ ಫಿನಿಶ್, ಉದ್ದಕ್ಕೂ ಸಣ್ಣ ಸಣ್ಣ ಗೆರೆ. ಲಗ್‌ನ ಮೇಲೆ ಮಿರರ್ ಫಿನಿಶ್‌ನ ಒಂದು ಪಟ್ಟಿ, ಅದು ನೇರ ಇರದೆ ಹಗ್ಗ ತಿರುಚಿದ ಹಾಗೆ ತಿರುಗುತ್ತಾ ತುದಿಗೆ ಇಳಿಯುತ್ತೆ. ಬ್ರಶ್ ಮುಗಿದು ಮಿರರ್ ಶುರುವಾಗುವಲ್ಲಿ ಒಂದು ಚೂಪಾದ ಅಂಚು, ಉಗುರು ಎಳೆದರೆ ಟಕ್ ಅಂತ ಸಿಗಬೇಕು.

ನೀವು ಕಳಿಸಿದ ವಾಚನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿ. ಮೊದಲ ಫೋಟೋ ಅದೇ. ನಾಲ್ಕು ಲಗ್‌ಗಳಲ್ಲಿ ಆರು ಗಂಟೆ ಕಡೆಯ ಎಡಗಡೆಯದರಲ್ಲಿ ಆ ಅಂಚು ಪೂರ್ತಿ ಹೋಗಿದೆ. ಟ್ಯೂಬ್‌ಲೈಟಿನ ಬೆಳಕು ಮಿರರ್ ಪಟ್ಟಿಯ ಮೇಲೆ ನೇರ ಗೆರೆಯಾಗಿ ಬಂದು ನಿಲ್ಲಬೇಕಿತ್ತು, ಇದರಲ್ಲಿ ನೀರಿನಲ್ಲಿ ಅಲುಗಾಡುವ ಹಾಗೆ ಡೊಂಕಾಗಿ ಪಕ್ಕಕ್ಕೆ ಜಾರಿ ಹೋಗುತ್ತೆ. ಸಬೂನು ಅರ್ಧ ಸವೆದರೆ ಮೂಲೆ ಹೇಗಿರುತ್ತೋ ಹಾಗಿದೆ. ವರ್ನಿಯರ್ (ಸೂಕ್ಷ್ಮ ಅಳತೆಯ ಟೂಲ್) ಇಟ್ಟು ಅಳೆದೆ, ಮೆತ್ತಗೆ, ಟೇಪ್ ಹಾಕಿಕೊಂಡೇ. ಅದರ ಎದುರಿನ ಬಲಗಡೆ ಲಗ್ ತುದಿಗೂ ಇದಕ್ಕೂ 0.35 ಮಿಲಿಮೀಟರ್ ವ್ಯತ್ಯಾಸ. ಈ ಕೇಸಿನ ಬಲಗಡೆ ಪಕ್ಕ ಸ್ವಲ್ಪ ಉಬ್ಬಿರುತ್ತೆ, ಕೀ ಮತ್ತು ಗುಂಡಿಗಳನ್ನು ಕಾಪಾಡೋಕೆ, ಅದು ಗೊತ್ತು, ಹಾಗಾಗಿ ಅಲ್ಲಿ ಅಳೆದಿಲ್ಲ, ತುದಿಯಲ್ಲೇ ಅಳೆದೆ. ನಮ್ಮ ಕೆಲಸದಲ್ಲಿ 0.35 ಬಂದರೆ ಪೀಸ್ ಸ್ಕ್ರ್ಯಾಪ್.

ಇನ್ನೊಂದು. ಚೈನಿನ ಮೊದಲ ಕೊಂಡಿ ಲಗ್ ಜೊತೆ ಸಮಕ್ಕೆ ಕೂರಬೇಕು. ಇಲ್ಲಿ ಲಗ್ ಸವೆದು ಕೆಳಗೆ ಹೋಗಿದೆ, ಕೊಂಡಿ ಮೇಲೆ ಎದ್ದು ನಿಂತಿದೆ. ಶರ್ಟಿನ ತೋಳಿನ ದಾರ ಅಲ್ಲಿ ಸಿಕ್ಕಿಕೊಂಡಾಗಲೇ ನನಗೆ ಮೊದಲ ಅನುಮಾನ ಬಂದಿದ್ದು.

ಆಮೇಲೆ ಚೈನ್ ಬಿಚ್ಚಿದೆ. ಅಲ್ಲಿ ನೋಡಿದ್ದು ನಿಜವಾದ ವಾಚು. ಲಗ್‌ಗಳ ನಡುವೆ ಬಫ್ ಚಕ್ರ ಹೋಗಲ್ಲ, ಹಾಗಾಗಿ ಅಲ್ಲಿ ಹಳೆಯದೆಲ್ಲ ಹಾಗೇ ಉಳಿದಿದೆ: ಕಪ್ಪು ಕೊಳೆ, ಅದರ ಕೆಳಗೆ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಂಡಿಗಳು, ಎಣಿಸಿದರೆ ಹದಿನಾಲ್ಕು. ಇದು ತುಕ್ಕಿನ ತೂತು. "ಸ್ಟೇನ್‌ಲೆಸ್ ಅಲ್ವಾ ಸರ್, ತುಕ್ಕು ಹಿಡಿಯಲ್ಲ" ಅಂತ ನಿಮ್ಮ ಹುಡುಗ ಒಬ್ಬ ಹೇಳಿದ, ಅದಕ್ಕೆ ಇಷ್ಟು ಬರೆಯಬೇಕಾಯಿತು. 316ಎಲ್ ಅನ್ನುವ ಈ ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಕ್ರೋಮಿಯಂನಿಂದ ಆಗುವ ಕಣ್ಣಿಗೆ ಕಾಣದ ಒಂದು ಪದರ ಇರುತ್ತೆ, ಗಾಳಿ ತಾಗುತ್ತಿದ್ದರೆ ಅದು ತನ್ನಷ್ಟಕ್ಕೇ ಮತ್ತೆ ಕಟ್ಟಿಕೊಳ್ಳುತ್ತೆ. ಬೆವರಿನ ಉಪ್ಪು ಸಂದಿಯಲ್ಲಿ ವರ್ಷಗಟ್ಟಲೆ ಕೂತು, ಗಾಳಿಯೂ ಆಡದೆ ಹೋದರೆ ಆ ಪದರ ಒಡೆದು ಒಳಗೆ ಕೊರೆಯುತ್ತೆ. ಇದೇ ಥರ ಹಿಂದಿನ ಮುಚ್ಚಳದ ವಾಷರ್ ಕೂರುವ ಜಾಗದಲ್ಲೂ ಆಗುತ್ತೆ, ಅಲ್ಲಿ ಆದರೆ ನೀರು ಒಳಗೆ ಹೋಗುತ್ತೆ. ಈ ವಾಚಿನಲ್ಲಿ ಆಗಿದೆಯೋ ಇಲ್ಲವೋ ನೋಡೋಣ ಅಂದರೆ ಮುಚ್ಚಳ ತೆಗೆಸೋಕೆ ಧೈರ್ಯ ಇಲ್ಲ, ತೆಗೆಸಿದ ದಿನವೇ "ವಾರಂಟಿ ಹೋಯಿತು" ಅಂತ ನೀವು ಹೇಳುತ್ತೀರಿ. ಚಿಕ್ಕಪೇಟೆಯಲ್ಲಿ ಪರಿಚಯದ ರಿಪೇರಿಯವರು ಹೊರಗಿನಿಂದಲೇ ಲೂಪ್ (ಕಣ್ಣಿಗಿಡುವ ಭೂತಗನ್ನಡಿ) ಹಾಕಿ ನೋಡಿ, ಬಾಯಿ ಬಿಟ್ಟು ಏನೂ ಹೇಳದೆ ವಾಚನ್ನು ನನ್ನ ಕೈಗೆ ವಾಪಸ್ ಇಟ್ಟರು. ಆಮೇಲೆ "ಮೇಲೆ ಥಳಕು ಒಳಗೆ ಹುಳುಕು" ಅಂದರು.

ಹಿಂದಿನ ಮುಚ್ಚಳಕ್ಕೂ ಬಫ್ ಬಿದ್ದಿದೆ. ಅದರ ಮೇಲಿನ ಕುದುರೆ ಮೀನಿನ ಚಿತ್ರದ ಸುತ್ತ ಕೆತ್ತಿದ "ದ ಫಸ್ಟ್ ವಾಚ್ ವೋರ್ನ್ ಆನ್ ದ ಮೂನ್" ಅನ್ನುವ ಸಾಲಿನಲ್ಲಿ ಕೊನೆಯ ಪದ ಮಾಸಿದೆ, ಮೊದಲ ಪದ ಗಟ್ಟಿಯಾಗಿದೆ. ಅಂದರೆ ಒಂದೇ ಕಡೆ ಜಾಸ್ತಿ ಒತ್ತಿದ್ದಾರೆ. ಮುಚ್ಚಳದ ಕಚ್ಚುಗಳ ಪಕ್ಕ ತೆಗೆಯುವ ಟೂಲ್ ಜಾರಿದ ಎರಡು ಆಳವಾದ ಗೀರು ಮಾತ್ರ ಉಳಿದುಕೊಂಡಿವೆ, ಅವು ಬಫ್‌ಗೂ ಬಗ್ಗಿಲ್ಲ.

ಗ್ಲಾಸಿನ ಬಗ್ಗೆ ದೂರಿಲ್ಲ. ಅದರಲ್ಲಿ ಗೀರುಗಳಿದ್ದವು, ಹೆಸಲೈಟ್ ಅಂದರೆ ಪ್ಲಾಸ್ಟಿಕ್ ತಾನೇ, ಪೇಸ್ಟ್ ಹಾಕಿ ಐದು ನಿಮಿಷ ಉಜ್ಜಿದರೆ ಹೋಗುತ್ತೆ. ಚೈನ್ ಸ್ವಲ್ಪ ಸಡಿಲ, ಅದೂ ಸರಿ. ಟೈಮ್ ಚೆನ್ನಾಗಿ ತೋರಿಸುತ್ತೆ.

ನಿಮ್ಮ ಜಾಹೀರಾತಿನ ಎಂಟು ಫೋಟೋಗಳನ್ನು ಮತ್ತೆ ನೋಡಿದೆ. ಎಂಟೂ ಮುಂದಿನಿಂದ, ನೇರವಾಗಿ, ಸುತ್ತ ಬಿಳಿ ಬೆಳಕು ಹರಡಿಸಿ ತೆಗೆದದ್ದು. ಅಂಥ ಬೆಳಕಿನಲ್ಲಿ ಅಂಚು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪಕ್ಕದಿಂದ ಒಂದು ಫೋಟೋ ಕಳಿಸಿ ಅಂತ ನಾನು ಕೊಳ್ಳುವ ಮೊದಲು ಚಾಟ್‌ನಲ್ಲಿ ಕೇಳಿದ್ದೆ. "ಸರ್, ವಾಚ್ ವಾಲ್ಟ್‌ನಲ್ಲಿದೆ" ಅಂದಿರಿ. ಅಲ್ಲಿಗೇ ನಾನು ಬಿಡಬೇಕಿತ್ತು, ಆಸೆ ಬಿಡಲಿಲ್ಲ. ಅದು ನನ್ನ ತಪ್ಪು ಅಂತ ಒಪ್ಪುತ್ತೇನೆ. ಆದರೆ "ಅನ್‌ಪಾಲಿಶ್ಡ್" ಅಂತ ಟೈಪ್ ಮಾಡಿದ್ದು ನಾನಲ್ಲ. "ಪಾಲಿಶ್ ಆಗಿದೆ" ಅಂತ ಬರೆದಿದ್ದರೆ ಬೆಲೆ ಇಳಿಸಿ ಕೇಳುತ್ತಿದ್ದೆ, ಇಲ್ಲ ಸುಮ್ನೆ ಮುಂದಿನದು ನೋಡುತ್ತಿದ್ದೆ. ಆ ಒಂದು ಪದಕ್ಕೇ ನಾನು ಜಾಸ್ತಿ ದುಡ್ಡು ಕೊಟ್ಟಿದ್ದು.

ನೀವು ಫೋನಿನಲ್ಲಿ ಎರಡು ಪರಿಹಾರ ಹೇಳಿದಿರಿ. ಒಂದು, ₹5,000 ರ ಕೂಪನ್. ಬೇಡ. ಎರಡು, "ನಮ್ಮ ಕಡೆಯಿಂದಲೇ ಫ್ರೀ ಪಾಲಿಶ್ ಮಾಡಿಸಿ ಕೊಡುತ್ತೇವೆ". ಇದನ್ನು ಕೇಳಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಹೋದ ಲಗ್ಗನ್ನು ಸರಿ ಮಾಡೋಕೆ ಇರುವ ದಾರಿ ಲೇಸರ್ ವೆಲ್ಡಿಂಗ್‌ನಲ್ಲಿ ಸ್ಟೀಲ್ ತುಂಬಿಸಿ ಮತ್ತೆ ಆಕಾರಕ್ಕೆ ತರುವುದು, ಅದು ಬೇರೆಯೇ ಕೆಲಸ, ಅಷ್ಟು ಮಾಡಿದರೂ ಅದು ಅನ್‌ಪಾಲಿಶ್ಡ್ ಆಗಲ್ಲ.

ನನಗೆ ಬೇಕಿರುವುದು ಇಷ್ಟೇ. ವಾಚ್ ವಾಪಸ್ ತೆಗೆದುಕೊಳ್ಳಿ, ಪೂರ್ತಿ ₹3,18,000 ಬಂದ ಅಕೌಂಟಿಗೇ ಹಾಕಿ. "ರೀಸ್ಟಾಕಿಂಗ್ ಚಾರ್ಜ್" ಅಂತ 8% ಹಿಡಿಯುವ ಮಾತು ಬೇಡ, ಇನ್ಶೂರೆನ್ಸ್ ಸಮೇತ ಕೊರಿಯರ್ ಖರ್ಚೂ ನಿಮ್ಮದೇ. ಜಾಹೀರಾತಿನಲ್ಲಿ ಹೇಳಿದ ಹಾಗೆ ವಸ್ತು ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳಲ್ಲ ಅನ್ನೋ ಹಾಗಿಲ್ಲ ಅಂತ 2020ರ ಇ-ಕಾಮರ್ಸ್ ನಿಯಮಗಳಲ್ಲಿದೆ. ದೂರು ಬಂತು ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು ಅಂತಲೂ ಅದರಲ್ಲೇ ಇದೆ. ಮೊದಲನೆಯದು ಆಗಲೇ ತಪ್ಪಿದೆ.

ಬರುವ ಶುಕ್ರವಾರದ ತನಕ ಕಾಯುತ್ತೇನೆ. ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ, ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ನಿಮ್ಮ ಆಫೀಸ್ ಬೇರೆ ಊರಿನಲ್ಲಿದೆ ಅಂತ ನೆಮ್ಮದಿ ಪಡಬೇಡಿ, 2019ರ ಕಾಯ್ದೆ ಪ್ರಕಾರ ನಾನಿರುವ ಬೆಂಗಳೂರಿನಲ್ಲೇ ಹಾಕಬಹುದು, ಐದು ಲಕ್ಷದವರೆಗೆ ಫೀಸೂ ಇಲ್ಲ. ವರ್ನಿಯರ್ ನಾನೇ ತರುತ್ತೇನೆ.

ವಾಚ್ ನೀವು ಕಳಿಸಿದ ಡಬ್ಬದಲ್ಲೇ ಇದೆ, ಟ್ಯಾಗ್ ಕಿತ್ತಿಲ್ಲ. ಚೈನ್ ಮತ್ತೆ ಹಾಕಿಟ್ಟಿದ್ದೇನೆ. ಕೀ ಕೊಟ್ಟಿಲ್ಲ, ಹೋದ ಭಾನುವಾರ ರಾತ್ರಿ ಹನ್ನೊಂದಕ್ಕೆ ನಿಂತಿದೆ. ಕೊರಿಯರ್‌ನವರನ್ನು ಬೆಳಿಗ್ಗೆ ಒಂಬತ್ತರ ಒಳಗೆ ಕಳಿಸಿ, ಆಮೇಲೆ ನಾನು ಶಿಫ್ಟ್‌ನಲ್ಲಿರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
ಬೆಂಗಳೂರು