ಸಾವಿನ ಸೀರಿಯಲ್ ಎಂದು ತಳ್ಳಿಹಾಕಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆಯ ಇಂಗ್ಲಿಷ್ ಸೀರಿಯಲ್‌ಗಳ ಬಗ್ಗೆ ಬಂದ ಬರಹ ಓದಿದೆ. ‘ಸಿಕ್ಸ್ ಫೀಟ್ ಅಂಡರ್’ ಬಗ್ಗೆ ಅದರಲ್ಲಿ ಇದ್ದದ್ದು ಮೂರ್ನಾಲ್ಕು ಸಾಲು. ಬರೀ ಹೆಣಗಳ ಕಥೆ, ಮನಸ್ಸು ಕೆಡುತ್ತದೆ, ಮನೆಮಂದಿ ಕೂತು ನೋಡುವಂಥದ್ದಲ್ಲ, ಬೇಕಿದ್ದರೆ ಕೊನೆಯ ಆರೇಳು ನಿಮಿಷ ಮಾತ್ರ ಯೂಟ್ಯೂಬಿನಲ್ಲಿ ನೋಡಿ ಅಂತ. ಈ ಮಾತನ್ನು ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ಪತ್ರ ಸ್ವಲ್ಪ ಉದ್ದವಾಗಿದೆ, ಆದಷ್ಟು ಕತ್ತರಿಸದೆ ಹಾಕಿ.

ನೋಡದವರಿಗಾಗಿ ಒಂದೆರಡು ಮಾತು. ಇದು 2001ರ ಜೂನ್‌ನಿಂದ 2005ರ ಆಗಸ್ಟ್‌ವರೆಗೆ ಅಮೆರಿಕದ ಎಚ್‌ಬಿಒ ಚಾನೆಲ್‌ನಲ್ಲಿ ಬಂದ ಸೀರಿಯಲ್. ಐದು ಸೀಸನ್, ಒಟ್ಟು 63 ಕಂತು. ಲಾಸ್ ಏಂಜಲಿಸ್‌ನಲ್ಲಿ ಫಿಷರ್ ಎಂಬ ಕುಟುಂಬ ಫ್ಯೂನರಲ್ ಹೋಮ್ ನಡೆಸುತ್ತದೆ. ಅಂದರೆ ತೀರಿಕೊಂಡವರ ದೇಹ ತಂದು, ತೊಳೆದು, ಸಿದ್ಧಮಾಡಿ, ಮಣ್ಣಾಗುವವರೆಗಿನ ಎಲ್ಲ ವ್ಯವಸ್ಥೆ ನೋಡಿಕೊಳ್ಳುವ ಕೆಲಸ. ಶವ ಸಿದ್ಧಮಾಡುವ ಕೋಣೆ ನೆಲಮಾಳಿಗೆಯಲ್ಲಿ, ನೆಂಟರಿಷ್ಟರು ಬಂದು ಮುಖ ನೋಡುವ ಹಾಲ್ ಅದರ ಮೇಲೆ, ಇವರ ಸಂಸಾರ ಅದಕ್ಕೂ ಮೇಲೆ. ಎಲ್ಲ ಒಂದೇ ಸೂರಿನಡಿ. ಮೊದಲ ಕಂತಿನಲ್ಲೇ, ಕ್ರಿಸ್‌ಮಸ್ ಹಿಂದಿನ ದಿನ, ಯಜಮಾನ ನಥಾನಿಯಲ್ ಹೊಸದಾಗಿ ಕೊಂಡ ಶವವಾಹನ ಓಡಿಸುತ್ತಿದ್ದಾಗ ಬಸ್ಸು ಗುದ್ದಿ ಸಾಯುತ್ತಾನೆ. ಊರವರ ಸಾವನ್ನೆಲ್ಲ ಸುಧಾರಿಸಿದ ಮನೆಗೆ ಸಾವು ಬಂದಾಗ ಆ ಮನೆಯವರಿಗೆ ಹೇಗೆ ಅಳಬೇಕೆಂದೇ ಗೊತ್ತಿರುವುದಿಲ್ಲ. ಸೀರಿಯಲ್ಲಿನ ಇಡೀ ಕಥೆ ಇಲ್ಲಿಂದ ಹುಟ್ಟುತ್ತದೆ.

ಹೆಂಡತಿ ರೂತ್ ಅಡುಗೆಮನೆಯಲ್ಲಿ ಹಬ್ಬದ ಅಡುಗೆ ಮಾಡುತ್ತಿರುತ್ತಾಳೆ. ಫೋನ್ ಬರುತ್ತದೆ. ಅವಳು ಫೋನನ್ನೂ ಪಾತ್ರೆಯನ್ನೂ ನೆಲಕ್ಕೆ ಬೀಸಾಡಿ ಕಿರುಚುತ್ತಾಳೆ. ಕೆಳಗೆ ಬೇರೆಯವರ ಶವದರ್ಶನ ನಡೆಸುತ್ತಿದ್ದ ಎರಡನೇ ಮಗ ಡೇವಿಡ್ ಓಡಿ ಬಂದರೆ, ಅವಳು ಗಾಡಿ ಜಖಂ ಆಯಿತು ಎಂದೂ, ನಿಮ್ಮಪ್ಪ ಸತ್ತರು ಎಂದೂ, ನನ್ನ ಅಡುಗೆ ಹಾಳಾಯಿತು ಎಂದೂ ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಫ್ರಾನ್ಸೆಸ್ ಕಾನ್ರಾಯ್ ಆ ಪಾತ್ರ ಮಾಡಿದ ಬಗೆ ನೋಡಬೇಕು. ಸಾವಿನ ಸುದ್ದಿ ಕೇಳಿದ ಗಳಿಗೆಯಲ್ಲಿ ಮನುಷ್ಯರ ಬಾಯಲ್ಲಿ ಬರುವುದು ಇಂಥ ಮಾತೇ ಅಲ್ವಾ? ಒಲೆ ಆರಿಸಿದೆನಾ, ಹಾಲು ಒಳಗಿಟ್ಟೆನಾ, ಯಾರಿಗೆ ಮೊದಲು ಹೇಳಬೇಕು. ನಮ್ಮ ಸೀರಿಯಲ್‌ಗಳಲ್ಲಿ ಇಂಥ ಹೊತ್ತಿಗೆ ಮೂರು ಸಲ ಕ್ಯಾಮೆರಾ ತಿರುಗಿ ಸಿಡಿಲಿನ ಸದ್ದು ಬರುತ್ತದೆ, ಸಾವು ಬಂದ ಮನೆ ಹೇಗಿರುತ್ತದೆ ಎಂಬುದು ಮಾತ್ರ ಕಾಣುವುದಿಲ್ಲ.

ಅದೇ ಕಂತಿನಲ್ಲಿ ಅಪ್ಪನ ಮಣ್ಣು. ಅಲ್ಲಿ ಮಣ್ಣು ಹಾಕಲು ಕೈ ಕೊಳೆಯಾಗಬಾರದು ಎಂದು ಉಪ್ಪಿನ ಡಬ್ಬಿಯ ಥರದ ಒಂದು ಡಬ್ಬಿ ಇಟ್ಟಿರುತ್ತಾರೆ. ಅದನ್ನು ಪೆಟ್ಟಿಗೆಯ ಮೇಲೆ ನಾಜೂಕಾಗಿ ಅಲ್ಲಾಡಿಸಬೇಕು. ಸಿಯಾಟಲ್‌ನಿಂದ ಬಂದ ದೊಡ್ಡ ಮಗ ನೇಟ್‌ಗೆ ಇದನ್ನು ನೋಡಿ ರೇಗಿಹೋಗುತ್ತದೆ. ಹಿಂದೆ ಸಿಸಿಲಿಯಲ್ಲಿ ಒಂದು ಶವಪೆಟ್ಟಿಗೆ ಬಂದಾಗ ಹೆಂಗಸರು ಬಾಯಿಬಡಿದುಕೊಂಡು ಗೋಳಾಡಿದ್ದನ್ನು ಅವನು ಕಂಡಿರುತ್ತಾನೆ. ಹಾಗೆ ಅಳುವುದೇ ಸರಿ ಅನ್ನುತ್ತಾನೆ, ಬರಿಗೈಯಲ್ಲಿ ಮಣ್ಣು ಬಾಚಿ ಪೆಟ್ಟಿಗೆಯ ಮೇಲೆ ಎಸೆಯುತ್ತಾನೆ. ಎಲ್ಲರ ಮುಂದೆ ಮರ್ಯಾದೆ ಹೋಯಿತು ಎಂದು ಡೇವಿಡ್‌ಗೆ ಸಂಕಟ. ಅಷ್ಟರಲ್ಲಿ ಅಮ್ಮನೂ ಹೋಗಿ ಮಣ್ಣು ಹಿಡಿಯುತ್ತಾಳೆ. ಎದೆ ಬಡಿದುಕೊಂಡು ಅಳುವವರನ್ನು ಹತ್ತಿರದಿಂದ ನೋಡಿದ ನಮಗೆ ನೇಟ್‌ನ ಸಿಟ್ಟು ತಟ್ಟನೆ ಅರ್ಥವಾಗುತ್ತದೆ. ಆದರೆ ಡೇವಿಡ್‌ನನ್ನೂ ಸೀರಿಯಲ್ ಬಿಟ್ಟುಕೊಡುವುದಿಲ್ಲ. ಅಣ್ಣ ಊರು ಬಿಟ್ಟು ಹೋದ, ಉಳಿದು ಅಪ್ಪನ ಕೆಲಸ ಕಲಿತವನು ಇವನು. ಅಪ್ಪನ ದೇಹ ನೆಲಮಾಳಿಗೆಯ ಮೇಜಿನ ಮೇಲೆ ಬಂದಾಗಲೂ ಕೋಟು ತೆಗೆದಿಟ್ಟು ಕೆಲಸಕ್ಕೆ ನಿಂತವನು. ನೀಟಾಗಿ ಇಸ್ತ್ರಿ ಮಾಡಿದ ಕರಿ ಸೂಟಿನೊಳಗೆ ಅವನ ದುಃಖ ಇದೆ.

ದೇಹ ಸಿದ್ಧಮಾಡುವುದು ಅಂದೆನಲ್ಲ, ಇದು ನಮ್ಮ ಕಡೆಯವರಿಗೆ ವಿಚಿತ್ರ ಅನ್ನಿಸಬಹುದು. ನಾವು ಸಾಧ್ಯವಾದರೆ ಅದೇ ದಿನ, ತಪ್ಪಿದರೆ ಮಾರನೇ ದಿನ ಮುಗಿಸುತ್ತೇವೆ. ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸತ್ತ ಸೈನಿಕರನ್ನು ದೂರದ ಊರುಗಳಿಗೆ ರೈಲಿನಲ್ಲಿ ಕಳಿಸಬೇಕಾಗಿ ಬಂದಾಗ, ರಾಸಾಯನಿಕ ತುಂಬಿ ಶವ ಕೆಡದಂತೆ ಇಡುವ ಎಂಬಾಮಿಂಗ್ ಹರಡಿತು. 1865ರಲ್ಲಿ ಅಧ್ಯಕ್ಷ ಲಿಂಕನ್ ದೇಹವನ್ನು ವಾಷಿಂಗ್ಟನ್‌ನಿಂದ ಅವರ ಊರು ಸ್ಪ್ರಿಂಗ್‌ಫೀಲ್ಡ್‌ಗೆ ಊರೂರು ನಿಲ್ಲಿಸಿ ಸುಮಾರು ಎರಡು ವಾರ ತೆಗೆದುಕೊಂಡು ಹೋದದ್ದು ಹೀಗೇ. ಸೀರಿಯಲ್ಲಿನಲ್ಲಿ ಈ ಕೆಲಸದ ಕುಶಲಿ ಫೆಡೆರಿಕೊ. ಅಪಘಾತದಲ್ಲಿ ಚೂರಾದ ಮುಖವನ್ನು ಮೇಣ, ಬಣ್ಣ, ಹೊಲಿಗೆಯಿಂದ ಮೊದಲಿನಂತೆ ಮಾಡಿ ತಾಯಂದಿರ ಮುಂದೆ ಇಡುತ್ತಾನೆ. ಅವನ ಕೈಚಳಕದಿಂದಲೇ ಅಂಗಡಿ ನಡೆಯುವುದು, ಆದರೂ ಅವನು ಆ ಮನೆಯ ಸಂಬಳದವನು. ಮುಂದೆ ಪಾಲುದಾರನಾಗಿ ಬೋರ್ಡಿನ ಮೇಲೆ ಅವನ ಹೆಸರು ಬರಲು ಮೂರನೇ ಸೀಸನ್‌ವರೆಗೆ ಕಾಯಬೇಕಾಗುತ್ತದೆ.

ಮೊದಲ ಸೀಸನ್ನಿನ ಕೊನೆಗೆ ಒಬ್ಬ ಹುಡುಗನ ಶವ ಬರುತ್ತದೆ, ಸಲಿಂಗಿ ಎಂಬ ಒಂದೇ ಕಾರಣಕ್ಕೆ ಹೊಡೆದು ಕೊಂದಿರುತ್ತಾರೆ. ಡೇವಿಡ್ ಕೂಡ ಸಲಿಂಗಿ, ಚರ್ಚಿನಲ್ಲಿ ಹುದ್ದೆ ಇರುವವನು, ಮನೆಯಲ್ಲಿ ಬಾಯಿ ಬಿಡದವನು. ಆ ಸತ್ತ ಹುಡುಗ ಅವನ ಮುಂದೆ ಬಂದು ಮಾತಾಡುತ್ತಾನೆ. ದೆವ್ವವಲ್ಲ, ಡೇವಿಡ್‌ನ ಮನಸ್ಸಿನೊಳಗಿನ ಹೆದರಿಕೆ. ಇದನ್ನು ನೋಡಿದವರು ಯಾರೂ ಈ ಸೀರಿಯಲ್ ಬರೀ ಹೆಣಗಳ ಕಥೆ ಅನ್ನಲಾರರು.

ಇನ್ನೊಂದು ಸಂಗತಿ. ಹೆಚ್ಚುಕಡಿಮೆ ಪ್ರತಿ ಕಂತೂ ಒಬ್ಬರ ಸಾವಿನಿಂದ ಶುರುವಾಗುತ್ತದೆ. ಆಮೇಲೆ ಪರದೆ ಪೂರ್ತಿ ಬೆಳ್ಳಗಾಗಿ ಅವರ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ ಮಾತ್ರ ಉಳಿಯುತ್ತದೆ. ಅಪರಿಚಿತರೇ ಆದರೂ ಯಾರನ್ನೂ ಹೆಸರಿಲ್ಲದೆ ಕಳಿಸುವುದಿಲ್ಲ. ಇದನ್ನು ರೂಪಿಸಿದ ಅಲನ್ ಬಾಲ್ 13ನೇ ವಯಸ್ಸಿನಲ್ಲಿ ಅಕ್ಕನ ಜೊತೆ ಕಾರಿನಲ್ಲಿ ಹೋಗುತ್ತಿದ್ದಾಗ ಅಪಘಾತವಾಗಿ ಅಕ್ಕ ತೀರಿಕೊಂಡರು. ಆ ಹುಡುಗ ದೊಡ್ಡವನಾಗಿ ಇದನ್ನು ಬರೆದ ಎಂದು ತಿಳಿದ ಮೇಲೆ ನನಗೆ ಆ ಬಿಳಿ ಪರದೆ ಬೇರೆ ರೀತಿಯೇ ಕಾಣತೊಡಗಿತು. ಮೊದಲ ಕಂತಿನ ನಿರ್ದೇಶನಕ್ಕೆ ಅವರಿಗೆ 2002ರಲ್ಲಿ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಬಂತು.

ನಾನು ಇಷ್ಟು ಹಚ್ಚಿಕೊಂಡು ಬರೆಯಲು ಕಾರಣ ಇದೆ. ನಾವು ಕ್ಯಾಲಿಫೋರ್ನಿಯಾದಲ್ಲಿರುವವರು. ನಮ್ಮ ಮಾವ ಇಲ್ಲೇ ತೀರಿಕೊಂಡರು. ಚಟ್ಟ ಕಟ್ಟುವವರಿಲ್ಲ, ಹೆಗಲು ಕೊಡುವ ಓಣಿಯವರಿಲ್ಲ. ನಮ್ಮನ್ನು ಕೈಹಿಡಿದದ್ದು ಒಂದು ಕುಟುಂಬ ನಡೆಸುವ ಫ್ಯೂನರಲ್ ಹೋಮ್. ಅಲ್ಲಿನ ಹೆಂಗಸು ಮೊದಲು ದರಪಟ್ಟಿಯ ಹಾಳೆ ಕೊಟ್ಟರು. 1984ರಿಂದ ಇರುವ ನಿಯಮದ ಪ್ರಕಾರ ಕೊಡಲೇಬೇಕು, ಒಂದೊಂದಕ್ಕೂ ಬೇರೆ ಬೇರೆ ಬೆಲೆ ಬರೆದಿರಬೇಕು, ದಹನಕ್ಕೆ ಶವಪೆಟ್ಟಿಗೆ ಕೊಳ್ಳಲೇಬೇಕು ಎನ್ನುವ ಹಾಗಿಲ್ಲ. ಎಂಬಾಮಿಂಗ್ ಬೇಡ ಅಂದೆವು, ಸರಿ ಅಂದರು. ತಲೆ ಯಾವ ದಿಕ್ಕಿಗೆ ಇರಬೇಕು, ಬಾಯಿಗೆ ನೀರು ಬಿಡುವವರು ಯಾರು, ಎಲ್ಲ ಕೇಳಿ ಬರೆದುಕೊಂಡರು. ಒಳಗೆ ಬೆಂಕಿ ಹಚ್ಚುವ ಹಾಗಿರಲಿಲ್ಲ. ಕರ್ಪೂರವನ್ನು ಹಿಂಬದಿಯ ಪಾರ್ಕಿಂಗ್‌ನಲ್ಲಿ ಹಚ್ಚಿದೆವು. ರಟ್ಟಿನ ಪೆಟ್ಟಿಗೆಯಲ್ಲಿ ಮಾವ, ಮೇಲೆ ಅತ್ತೆ ಹೊದಿಸಿದ ಪಂಚೆ, ಊರಿನ ಪುರೋಹಿತರು ಫೋನಿನಲ್ಲಿ ಮಂತ್ರ. ನಮ್ಮ ಯಜಮಾನರು ದಹನದ ಯಂತ್ರದ ಗುಂಡಿ ಒತ್ತಿದರು. ಅತ್ತೆ ಜೋರಾಗಿ ಅತ್ತಾಗ ಆ ಹೆಂಗಸು ಬಾಗಿಲು ಮುಚ್ಚಲಿಲ್ಲ, ಸುಮ್ಮನಿರಿ ಅನ್ನಲಿಲ್ಲ, ಪಕ್ಕದಲ್ಲೇ ನಿಂತಿದ್ದರು. ಅವರಿಗೂ ಒಂದು ಮನೆ ಇದೆ, ಅವರ ಮನೆಯಲ್ಲೂ ಸಾವಾಗುತ್ತದೆ ಎಂದು ಯೋಚಿಸಲು ನನಗೆ ಕಲಿಸಿದ್ದು ಈ ಸೀರಿಯಲ್.

ಅದಕ್ಕೇ ಅದರಲ್ಲಿ ಬರುವ ಕ್ರೋನರ್ ಎಂಬ ದೊಡ್ಡ ಕಂಪನಿಯ ಕಥೆ ನನಗೆ ಮುಖ್ಯ. ಅಪ್ಪ ಸತ್ತ ಬೆನ್ನಿಗೇ ಅಂಗಡಿ ಮಾರಿ ಎಂದು ಅವರು ಬಂದು ಕೂರುತ್ತಾರೆ. ಇದು ಸುಳ್ಳೇನಲ್ಲ. 1962ರಲ್ಲಿ ಹ್ಯೂಸ್ಟನ್‌ನಲ್ಲಿ ಶುರುವಾದ ಸರ್ವಿಸ್ ಕಾರ್ಪೊರೇಷನ್ ಇಂಟರ್‌ನ್ಯಾಷನಲ್ ಇಂಥ ಮನೆತನದ ಫ್ಯೂನರಲ್ ಹೋಮ್‌ಗಳನ್ನು ಕೊಳ್ಳುತ್ತಲೇ ಬೆಳೆದ ಕಂಪನಿ. ಎಷ್ಟೋ ಕಡೆ ಬೋರ್ಡಿನ ಮೇಲೆ ಹಳೆಯ ಹೆಸರೇ ಇರುತ್ತದೆ, ಮಾಲೀಕರು ಮಾತ್ರ ಬೇರೆ. ಇಲ್ಲಿರುವ ಕನ್ನಡಿಗರು ಇದನ್ನು ತಿಳಿದಿರುವುದು ಒಳ್ಳೆಯದು. ಕಷ್ಟದ ಗಳಿಗೆಯಲ್ಲಿ ಯಾರ ಹತ್ತಿರ ಹೋಗುತ್ತಿದ್ದೇವೆ ಎಂದು ಕೇಳಲು ಸಂಕೋಚ ಬೇಡ.

ಎಲ್ಲ ಕಂತೂ ಒಂದೇ ಸಮ ಇದೆ ಅಂತ ನಾನು ಹೇಳುವುದಿಲ್ಲ. ನಾಲ್ಕನೇ ಸೀಸನ್ ಎಳೆದ ಹಾಗಿದೆ. ಅದರಲ್ಲಿ ಡೇವಿಡ್‌ನನ್ನು ಒಬ್ಬ ಅಪಹರಿಸಿ ಹಿಂಸೆ ಕೊಡುವ ಕಂತು ಇದೆ, ಅದನ್ನು ಕೂತು ನೋಡುವುದು ನನಗೆ ಜಾಸ್ತಿ ಆಯಿತು. ಮಕ್ಕಳ ಜೊತೆ ನೋಡುವ ಸೀರಿಯಲ್ ಅಲ್ಲ ಎಂಬ ನಿಮ್ಮ ಬರಹಗಾರರ ಮಾತು ನಿಜ. ಹಾಗೆ ಹೇಳುವುದು ಬೇರೆ, ಮನಸ್ಸು ಕೆಡುತ್ತದೆ ಎಂದು ದೊಡ್ಡವರನ್ನೂ ದೂರ ಇಡುವುದು ಬೇರೆ. ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡು, ಕೆಲಸಕ್ಕೆ ಹೋಗಿ ಬಂದು, ಅಳಲು ಒಂದು ಮೂಲೆ ಹುಡುಕುತ್ತಿರುವವರು ಎಷ್ಟೋ ಜನ ಇದ್ದಾರೆ. ಅವರಿಗೆ ಇದು ಬೇಕು.

ಕೊನೆಯ ನಿಮಿಷಗಳ ವಿಷಯ. ಅಲ್ಲಿ ಏನಾಗುತ್ತದೆ ಎಂದು ನಾನು ಬರೆಯುವುದಿಲ್ಲ, ನಿಮ್ಮ ಬರಹ ಬರೆದುಬಿಟ್ಟಿದೆ. ಆ ದೃಶ್ಯಕ್ಕೆ ಬಲ ಬರುವುದು ರೂತ್, ಡೇವಿಡ್, ಕಿರಿಮಗಳು ಕ್ಲೇರ್ ಇವರೊಡನೆ 63 ಕಂತು ಜಗಳವಾಡಿ, ಬೇಸತ್ತು, ಮತ್ತೆ ಹತ್ತಿರವಾದ ಮೇಲೆ. ಅದನ್ನು ಮಾತ್ರ ಕತ್ತರಿಸಿ ನೋಡಿದವರಿಗೆ ಹಾಡು ಚೆನ್ನಾಗಿದೆ ಅನ್ನಿಸಬಹುದು, ಅಷ್ಟೇ. ದಯವಿಟ್ಟು ಪುರವಣಿಯ ಇಂಟರ್‌ನೆಟ್ ಆವೃತ್ತಿಯಿಂದಾದರೂ ಆ ಸಾಲುಗಳನ್ನು ತೆಗೆಸಿ, ಮತ್ತು ಸೀರಿಯಲ್ ಪೂರ್ತಿ ನೋಡಿದ ಯಾರಿಂದಲಾದರೂ ಒಂದು ಪೂರ್ಣ ಲೇಖನ ಬರೆಸಿ.

– ಒಬ್ಬ ಓದುಗಳು, ಕ್ಯಾಲಿಫೋರ್ನಿಯಾ